ಗೇಟಿನಲ್ಲಿ ನಿಂತ ಮೇಲ್‌ಗಳು

ಗಂಗಾವತಿಯ ಅಕ್ಕಿ ಗಿರಣಿಗೆ ಸ್ವಂತ ಇಮೇಲ್ ಸರ್ವರ್ ಯಾಕೆ, ಮೇಲ್ ಕಂಪನಿಯವರಿಗೆ ದುಡ್ಡು ಕೊಟ್ಟರೆ ಆಗಲ್ವಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನಾನೂ ಸಾಹುಕಾರರನ್ನು ಕೇಳಿದ್ದೆ. "ತಲಿಗಿಷ್ಟು ಅಂತ ತಿಂಗಳಾ ತಿಂಗಳಾ ರೊಕ್ಕ ಕೊಡಾಕ ಆ ಕಂಪ್ನಿಯವರೇನು ಚೀಲ ಹೊರ್ತಾರೇನು?" ಅಂದರು. ಹಾಗಾಗಿ ಮುಂಬೈಯಲ್ಲಿ ಒಂದು ಸಣ್ಣ ಬಾಡಿಗೆ ಮಷೀನು, ಅದರೊಳಗೆ ಅದನ್ನು ನಡೆಸೋ ಡೆಬಿಯನ್ ಲಿನಕ್ಸ್ ಅನ್ನೋ ಸಾಫ್ಟ್‌ವೇರ್, ಅದನ್ನು ಕಾಯೋಕೆ ನಾನು. ಲಿನಕ್ಸ್ ಪುಕ್ಕಟೆ ಅಂತ ಗೊತ್ತಾದ ದಿನ ಸಾಹುಕಾರರು ಅದರ ಬಗ್ಗೆ ಇನ್ನೇನೂ ಕೇಳಲಿಲ್ಲ.

2025ರ ಆಗಸ್ಟ್‌ನಲ್ಲಿ ಅದರ ಹೊಸ ವರ್ಷನ್, ಡೆಬಿಯನ್ 13 ಬಂತು. ಅದರ ಬಿಡುಗಡೆ ಟಿಪ್ಪಣಿಯಲ್ಲೇ ಎಚ್ಚರಿಕೆ ಇತ್ತು. ಡವ್‌ಕಾಟ್ ಅನ್ನೋ ಮೇಲ್ ಪ್ರೋಗ್ರಾಂನ ಹಳೇ ಸೆಟ್ಟಿಂಗ್ಸ್ ಹೊಸದರಲ್ಲಿ ನಡೆಯುವುದಿಲ್ಲ, ಮೊದಲು ಬೇರೆ ಕಡೆ ಪ್ರಯೋಗ ಮಾಡಿ ನೋಡಿ ಅಂತ. ಒಂದು ವಾರದ ಮಟ್ಟಿಗೆ ಇನ್ನೊಂದು ಮಷೀನು ತಗೊಳ್ಳೋಣ ಅಂದೆ. "ಇರೋದಕ್ಕ ಬಾಡಿಗಿ ಕಟ್ಟಿ ಸಾಕಾಗೈತಿ" ಅಂತ ಸಾಹುಕಾರರು ಎದ್ದು ಹೋದರು. ಭತ್ತದ ಸೀಸನ್ ಬೇರೆ. ಅವರ ಕಣ್ಣೆಲ್ಲ ಲಾರಿ ಮೇಲೆ.

ಮೇಲ್ ಸರ್ವರ್ ಅಂದರೆ ನಮ್ಮಲ್ಲಿ ಎರಡು ಪ್ರೋಗ್ರಾಂ. ಒಂದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಅನ್ನೋರು ಐಬಿಎಂನಲ್ಲಿದ್ದಾಗ ಬರೆದು, 1998ರಲ್ಲಿ ಹೊರಗೆ ಬಿಟ್ಟಿದ್ದು. ಅದರ ಕೆಲಸ ಮೇಲ್ ಒಳಗೆ ತಗೊಳ್ಳೋದು, ಹೊರಗೆ ಕಳಿಸೋದು. ಇನ್ನೊಂದು ಡವ್‌ಕಾಟ್. ಫಿನ್ಲೆಂಡಿನ ಟಿಮೊ ಸಿರೈನೆನ್ ಅವರದ್ದು, 2002ರದ್ದು. ಬಂದ ಮೇಲನ್ನು ಡಬ್ಬಿಯಲ್ಲಿಟ್ಟು, ಕೇಳಿದವರಿಗೆ ತೆಗೆದು ತೋರಿಸೋದು ಅದರ ಕೆಲಸ. ಭಾನುವಾರ ರಾತ್ರಿ ಅಪ್‌ಗ್ರೇಡ್ ಮುಗಿದಾಗ ಪೋಸ್ಟ್‌ಫಿಕ್ಸ್ ಏನೂ ಆಗಿಲ್ಲ ಅನ್ನೋ ಹಾಗೆ ಎದ್ದು ಕೂತಿತು. ಡವ್‌ಕಾಟ್ ಏಳಲಿಲ್ಲ. ಸೆಟ್ಟಿಂಗ್ಸ್ ಫೈಲಿನಲ್ಲಿ ಎಲ್ಲಕ್ಕಿಂತ ಮೊದಲು ಇದು ಯಾವ ವರ್ಷನ್ನಿನದು ಅಂತ ಬರೆದಿರಬೇಕು, ಇಲ್ಲದಿದ್ದರೆ ಮುಂದೆ ಓದೋದೇ ಇಲ್ಲ ಅಂತು. ಬರೆದೆ. ಮುಂದೆ ಓದಿ, ಬೇರೆ ತಕರಾರು ತೆಗೆಯಿತು.

ಬೆಳಗ್ಗೆ ಒಗ್ಗರಣೆ-ಮಿರ್ಚಿ ತಟ್ಟೆ ಕೈಗೆ ಬರೋ ಹೊತ್ತಿಗೆ ಫೋನ್ ಶುರುವಾಯಿತು. ಊರಲ್ಲಿ ಮೇಲ್ ನಿಂತರೆ ಕಾರಣ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ನೋಡಿಕೊಳ್ಳೋನಿಗೆ ಬಿಟ್ಟು. "ರಾತ್ರಿ ಕರೆಂಟ್ ಹೋಗಿತ್ತಲ್ರಿ, ಅದಕ್ಕ" ಅಂದರು ಗುಮಾಸ್ತರು. ಮಷೀನು ಮುಂಬೈಯಲ್ಲಿದೆ ಅಂದೆ. "ಅಲ್ಲೂ ಹೋಗಿರಬೇಕು" ಅಂದರು. ವೇಬ್ರಿಡ್ಜ್ ಹುಡುಗ ಒಂದು ಹೆಜ್ಜೆ ಮುಂದೆ ಹೋಗಿ ಆ್ಯಪ್ ಡಿಲೀಟ್ ಮಾಡಿ ಮತ್ತೆ ಹಾಕಿದ್ದ. ಈಗ ಅವನಿಗೆ ಪಾಸ್‌ವರ್ಡ್ ನೆನಪಿಲ್ಲ. ಹೊಸಪೇಟೆಯಿಂದ ಸಾಹುಕಾರರ ಅಳಿಯ ಫೋನ್ ಮಾಡಿ ವೈರಸ್ ಅಂತ ತೀರ್ಪು ಕೊಟ್ಟು ಇಟ್ಟರು.

ಆಮೇಲೆ ಸಾಹುಕಾರರೇ ಬಂದರು. ಚೆನ್ನೈ ಪಾರ್ಟಿಯ ಆರ್ಡರ್ ಮೇಲ್ ಬರಬೇಕಿತ್ತು.

"ನನ್ನ ಮೇಲ್ ಎಲ್ಲಿ ಕಳದಿಯಪಾ ತಮ್ಮಾ?"

"ಕಳದಿಲ್ರಿ ಸಾವ್ಕಾರ್ರ. ಎಲ್ಲಾ ಗೇಟಿನ್ಯಾಗ ನಿಂತಾವ."

"ಯಾವ ಗೇಟು?"

ಕಿಟಕಿಯಾಚೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಅದನ್ನೇ ತೋರಿಸಿದೆ. ಪೋಸ್ಟ್‌ಫಿಕ್ಸ್ ಗೇಟಿನವನು, ಡವ್‌ಕಾಟ್ ಗೋದಾಮಿನವನು. ಗೋದಾಮಿನವನು ಇವತ್ತು ಕೀಲಿ ತೆಗೆದಿಲ್ಲ. ಗೇಟಿನವನು ಲಾರಿ ವಾಪಸ್ ಕಳಿಸಿಲ್ಲ, ಪುಸ್ತಕದಲ್ಲಿ ಬರೆದುಕೊಂಡು ಸಾಲಿನಲ್ಲಿ ನಿಲ್ಲಿಸಿದ್ದಾನೆ. ಆಗಾಗ ಹೋಗಿ ಬಾಗಿಲು ತಟ್ಟಿ ನೋಡುತ್ತಾನೆ. ಮೊದಮೊದಲು ಐದೈದು ನಿಮಿಷಕ್ಕೆ. ಆಮೇಲೆ ಅವನಿಗೂ ಬೇಜಾರಾಗಿ, ಗಂಟೆಗೊಮ್ಮೆ.

"ಎಷ್ಟೊತ್ತು ನಿಂದರ್ತಾವು?"

"ಐದು ದಿನರಿ."

"ಐದು ದಿನಾ! ಡ್ರೈವರ್ ಬತ್ತಾ ಯಾರು ಕೊಡ್ತಾರು?"

"ಬತ್ತಾ ಇಲ್ರಿ."

ಸಾಹುಕಾರರ ಮುಖದಲ್ಲಿ ಇಮೇಲ್ ಬಗ್ಗೆ ಮೊದಲ ಸಲ ಗೌರವ ಕಂಡಿತು. ಕುರ್ಚಿ ಎಳೆದುಕೊಂಡು ಕೂತರು.

"ಐದು ದಿನ ಆದಮ್ಯಾಲೆ?"

"ಮಾಲು ಸಮೇತ ವಾಪಸ್ ಹೋಗ್ತಾವ್ರಿ. ಮುಟ್ಟಲಿಲ್ಲ ಅಂತ ಕಳಿಸಿದವರಿಗೆ ಚೀಟಿ ಹೋಗತೈತಿ."

"ಅಂದ್ರ ಚೆನ್ನೈಯವಗ ಇನ್ನೂ ಗೊತ್ತಾಗಿಲ್ಲ?"

"ಇಲ್ರಿ."

"ಛಲೋ ಆತು. ಮತ್ತ ನಮ್ಮ ಮೇಲ್ ಯಾಕ ಹೊರಗ ಹೋಗವಲ್ದು? ಅದು ಗೇಟಿನವನ ಕೆಲಸ ಅಲ್ಲೇನು?"

ಒಳ್ಳೇ ಪ್ರಶ್ನೆ. ಹೊರಗೆ ಹೋಗೋ ಮಾಲು ನಮ್ಮವರದ್ದೇ ಹೌದಾ ಅಂತ ಗೇಟಿನವನು ಗೋದಾಮಿನವನನ್ನೇ ಕೇಳಬೇಕು. ಪಾಸ್‌ವರ್ಡ್ ಪರೀಕ್ಷೆ ಡವ್‌ಕಾಟ್ ಕೈಯಲ್ಲಿದೆ. "ಒಬ್ಬವ ಮಲಗಿದ್ರ ಇಬ್ಬರೂ ಕುಂತ್ರು ಅನ್ನು" ಅಂದರು. ನಾಲ್ಕು ವಾಕ್ಯದಲ್ಲಿ ನಾನು ಹೇಳಬೇಕಿದ್ದನ್ನು ಒಂದರಲ್ಲಿ ಮುಗಿಸಿದರು. ಗಿರಣಿ ನಡೆಸೋರಿಗೆ ಮೇಲ್ ಸರ್ವರ್ ಬೇಗ ಅರ್ಥವಾಗುತ್ತದೆ ನೋಡಿ.

ಈ ಐದು ದಿನ ನಾನು ಇಟ್ಟಿದ್ದಲ್ಲ, ಪೋಸ್ಟ್‌ಫಿಕ್ಸ್‌ನ ಮಾಮೂಲಿ ವಾಯಿದೆ. ಮೇಲ್ ಸಾಗಿಸೋ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ಆ ಕಡೆಯ ಮಷೀನು ಎದ್ದಿರಬಹುದು, ಇಲ್ಲದಿರಬಹುದು. ಇಲ್ಲದಿದ್ದರೆ ಕಾಯಬೇಕು. ಮೇಲ್ ಇವತ್ತಿಗೂ ಕಾಯುತ್ತದೆ. ಕಾಯೋಕೆ ಆಗದೇ ಇರೋದು ನಮಗೆ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ನೋಡಿ ನೋಡಿ ಹಾಗಾಗಿದೆ.

ಸಾಹುಕಾರರು ಹೋದ ಮೇಲೆ ಡವ್‌ಕಾಟ್ ಜೊತೆ ಕೂತೆ. ಅದರ ಸ್ವಭಾವ ನನಗೆ ಇಷ್ಟ. ತಕರಾರು ತೆಗೆಯುತ್ತದೆ, ಆದರೆ ಎಷ್ಟನೇ ಸಾಲು ಅಂತ ಹೇಳಿ ತೆಗೆಯುತ್ತದೆ. ಗುಮಾಸ್ತರು ಹಾಗೆ ಹೇಳಲ್ಲ. ಕಷ್ಟ ಏನಂದರೆ ಎಲ್ಲವನ್ನೂ ಒಟ್ಟಿಗೆ ಹೇಳಲ್ಲ. ಒಂದು ಸರಿ ಮಾಡಿದ ಮೇಲೇ ಮುಂದಿನದು. ಮೇಲ್ ಇಡೋ ಜಾಗಕ್ಕೆ ಮೊದಲು ಒಂದೇ ಸಾಲಿತ್ತು. ಈಗ ಯಾವ ಬಗೆಯ ಡಬ್ಬಿ ಅಂತ ಒಂದು, ಎಲ್ಲಿದೆ ಅಂತ ಇನ್ನೊಂದು. ಇದು ನಮ್ಮದೇ ಸರ್ವರ್ ಅಂತ ತೋರಿಸೋ ಸರ್ಟಿಫಿಕೇಟ್ ಫೈಲಿನ ಹೆಸರಿನ ಮುಂದೆ ಮೊದಲು ಒಂದು ಬಾಣದ ಗುರುತು ಹಾಕಬೇಕಿತ್ತು. ಈಗ ಸೆಟ್ಟಿಂಗ್ ಹೆಸರೂ ಬದಲು, ಬಾಣವೂ ಬೇಡ.

ಎಲ್ಲಕ್ಕಿಂತ ತರಲೆಯದ್ದು ಪಾಸ್‌ವರ್ಡಿನದ್ದು. ಹಳೇದು ಕೇಳುತ್ತಿತ್ತು: ಎನ್‌ಕ್ರಿಪ್ಷನ್ ಇಲ್ಲದೆ, ಅಂದರೆ ಗುಟ್ಟಿನ ಲಿಪಿಯಲ್ಲಲ್ಲದೆ ಬಿಚ್ಚಾಗಿ ಬರೋ ಪಾಸ್‌ವರ್ಡನ್ನು ತಡೆಯಲಾ? ಹೌದು ಅಂತ ಬರೆದಿದ್ದೆವು. ಹೊಸದು ಕೇಳುತ್ತದೆ: ಒಳಗೆ ಬಿಡಲಾ? ಬೇಡ ಅನ್ನಬೇಕು. ಹೆಸರು ಮಾತ್ರ ಬದಲಿಸಿ ಹಳೇ ಉತ್ತರ ಹಾಗೇ ಬಿಟ್ಟರೆ, ತಡೆದ ಬಾಗಿಲನ್ನು ಕೈಯಾರೆ ತೆರೆದ ಹಾಗೆ. ಬದಲಿಸಿದವರ ಉದ್ದೇಶ ಒಳ್ಳೇದೇ ಇರಬಹುದು. ಆದರೆ ನಿದ್ದೆಗೆಟ್ಟ ಮನುಷ್ಯನನ್ನು ಹೀಗೆ ಉಲ್ಟಾ ಕೇಳಬಾರದು, ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಡವ್‌ಕಾಟ್ ತೆಪ್ಪಗೆ ಎದ್ದಿತು. ಸಾಲಿನಲ್ಲಿದ್ದ ಮೇಲ್‌ಗಳನ್ನು ಈಗಲೇ ಸಾಗಿಸು ಅಂತ ಪೋಸ್ಟ್‌ಫಿಕ್ಸ್‌ಗೆ ಆಜ್ಞೆ ಕೊಟ್ಟೆ. ಗಿರಣಿಯ ಫೋನುಗಳೆಲ್ಲ ಒಟ್ಟಿಗೆ ಟಿಣ್ ಟಿಣ್ ಅಂದವು. ಲೋನ್ ಬೇಕಾ ಅನ್ನೋ ಮೇಲ್ ಬಂತು. ಅದಕ್ಕಿಂತ ಜಾಸ್ತಿ "ನನ್ನ ಹಿಂದಿನ ಮೇಲ್ ಸಿಕ್ತಾ?" ಅನ್ನೋ ಮೇಲ್ ಬಂದವು. ಚೆನ್ನೈ ಆರ್ಡರ್ ಬಂತು. ಪಾರ್ಟಿ ಅದನ್ನು ಬೆಳಗ್ಗೆಯೇ ವಾಟ್ಸಾಪ್‌ನಲ್ಲೂ ಕಳಿಸಿದ್ದ. ಮೇಲ್ ನಿಂತ ಗಲಾಟೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ವೇಬ್ರಿಡ್ಜ್ ಹುಡುಗನಿಗೆ ಮಾತ್ರ ಏನೂ ಬರಲಿಲ್ಲ. ಅವನಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ.

ಸಂಜೆ ಸಾಹುಕಾರರು ಮತ್ತೆ ಬಂದರು. ಈ ಸಲ ದನಿ ತಗ್ಗಿಸಿ, ಪಕ್ಕದಲ್ಲೇ ಕೂತರು.

"ತಮ್ಮಾ, ಆ ಗೇಟಿನವ ನೀ ಹೇಳಿದಂಗ ಕೇಳ್ತಾನ?"

"ಕೇಳ್ತಾನ್ರಿ."

"ಹಂಗಾದ್ರ ಜಿಎಸ್‌ಟಿ ಆಫೀಸಿನ ಮೇಲ್ ಅಷ್ಟ ಐದು ದಿನ ನಿಲ್ಲಿಸಿ, ಮಾಲು ಸಮೇತ ವಾಪಸ್ ಕಳಿಸಾಕ ಬರತೈತೇನು?"

ಬರಲ್ಲ ಅಂದೆ. ಪೋಸ್ಟ್‌ಫಿಕ್ಸ್‌ನಲ್ಲಿ ಹೋಲ್ಡ್ ಅಂತ ಒಂದು ಕ್ಯೂ ಇದೆ. ಅದಕ್ಕೆ ಹಾಕಿದ ಮೇಲ್ ನಾವು ಬಿಡೋ ತನಕ ಅಲ್ಲೇ ಬಿದ್ದಿರುತ್ತದೆ. ಅದನ್ನು ಅವರಿಗೆ ಹೇಳಿಲ್ಲ. ನೀವೂ ಹೇಳಬೇಡಿ.