ಫರ್ನೆಸ್ ಹಿಂದಿನ ಚಪ್ಪಲಿ

ಕೆನಡಾದ ಮಿಸ್ಸಿಸಾಗಾದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಜೋಡಿ ಬಾಡಿಗೆಗಿದೆ. ಹುಡುಗ ದಾವಣಗೆರೆಯವನು, ಓದೋಕೆ ಬಂದವನು. ಹುಡುಗಿ ಶಿರಸಿಯವಳು, ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಹಕ್ಕು, ಸಿಕ್ಕಿದೆ. ಮದುವೆ ಆಗಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ. ದಾವಣಗೆರೆಯಿಂದ ಅಮ್ಮನ ವಿಡಿಯೊ ಕಾಲ್ ಬಂದರೆ ಹುಡುಗಿ ಬಟ್ಟೆ ಒಗೆಯುವ ಕೋಣೆಗೆ ಓಡುತ್ತಾಳೆ. ಅವಳ ಚಪ್ಪಲಿ, ಮನೆ ಬೆಚ್ಚಗಿಡುವ ಯಂತ್ರ ಫರ್ನೆಸ್ ಹಿಂದೆ ಸೇರುತ್ತದೆ. ಕಾಲ್ ಮುಗಿದ ಮೇಲೆ ಅದೇ ಚಪ್ಪಲಿ ಹೊರಗೆ ಬಂದು, ಅವನ ಬೂಟಿನ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತದೆ. ಅದು ವಲಸೆ ಇಲಾಖೆಗೆ.

ಒಟ್ಟಿಗಿಲ್ಲ ಅಂತ ಅಮ್ಮನಿಗೆ ತೋರಿಸಬೇಕು, ಒಟ್ಟಿಗಿದ್ದೇವೆ ಅಂತ ಸರಕಾರಕ್ಕೆ. ಜಾಗ ಮಾತ್ರ ಒಂದೇ ಕೋಣೆ.

ಕೆನಡಾದಲ್ಲಿ ತಾಳಿ ಕಟ್ಟದೆಯೂ ಸಂಗಾತಿಯನ್ನು ಸ್ಪಾನ್ಸರ್ ಮಾಡಬಹುದು, ಅಂದರೆ ಅವರಿಗೂ ಪಿಆರ್ ಕೊಡಿ ಅಂತ ಅರ್ಜಿ ಹಾಕಬಹುದು. ಕಾಮನ್ ಲಾ ಪಾರ್ಟ್ನರ್ ಅನ್ನುತ್ತಾರೆ. ಕನಿಷ್ಠ 12 ತಿಂಗಳು ಎಡೆಬಿಡದೆ ಗಂಡಹೆಂಡಿರ ಹಾಗೆ ಒಂದೇ ಸೂರಿನಡಿ ಇದ್ದಿರಬೇಕು. ಉದಾರ ಕಾನೂನು, ಸುಳ್ಳು ಹೇಳಬಾರದು. 1967ರಲ್ಲಿ ಕಾನೂನು ಮಂತ್ರಿಯಾಗಿದ್ದ ಪಿಯರ್ ಟ್ರೂಡೊ, ದೇಶದ ಮಲಗುವ ಕೋಣೆಗಳಲ್ಲಿ ಸರಕಾರಕ್ಕೇನು ಕೆಲಸ ಅಂದಿದ್ದರು. ಆ ಮಾತು ಉಳಿದಿದೆ. ಸರಕಾರ ಮಲಗುವ ಕೋಣೆಗೆ ಕಾಲಿಡುವುದಿಲ್ಲ. ಮಲಗುವ ಕೋಣೆಯೇ ಪಿಡಿಎಫ್ ಆಗಿ ಸರಕಾರದ ಹತ್ತಿರ ಹೋಗಬೇಕು, ಅಷ್ಟೇ.

ಸಾಕ್ಷಿಗೆ ಜಂಟಿ ಖಾತೆ, ಬಾಡಿಗೆ ಕರಾರು, ಕರೆಂಟ್ ಬಿಲ್ ಇಂಥವು ಬೇಕು. ನಮ್ಮ ಬೇಸ್‌ಮೆಂಟಿನ ಕರೆಂಟ್ ಬಿಲ್ ಬರುವುದು ನನ್ನ ಹೆಸರಿಗೆ. ಆ ಲೆಕ್ಕದಲ್ಲಿ ಹುಡುಗ ಸಂಸಾರ ಮಾಡುತ್ತಿರುವುದು ನನ್ನ ಜೊತೆ. ಬೆಂಗಳೂರಿನಲ್ಲಾದರೆ ಓನರ್ ಬಾಗಿಲಲ್ಲೇ ನಿಲ್ಲಿಸಿ 'ಮದುವೆ ಆಗಿದ್ಯಾ?' ಅಂತ ಕೇಳುತ್ತಾರೆ. ಇಲ್ಲಿ ಓನರ್ ಆದ ನಾನೇ ಪತ್ರ ಬರೆದುಕೊಟ್ಟೆ: ಹೌದು ಸ್ವಾಮಿ, ಇಬ್ಬರೂ ಒಟ್ಟಿಗೇ ಇದ್ದಾರೆ, ಜಗಳವನ್ನೂ ಆಡುತ್ತಾರೆ, ಮೇಲಿನ ತನಕ ಕೇಳಿಸುತ್ತದೆ. ಜಗಳದ ಸಾಲು ತೆಗೀರಿ ಅಂತ ಹುಡುಗ ಅಂದ. ಹುಡುಗಿ ಬಿಡಲಿಲ್ಲ. 'ಇದಕ್ಕಿಂತ ಒಳ್ಳೇ ಸಾಕ್ಷಿ ನಮ್ಮ ಹತ್ರ ಏನಿದೆ ಅಂಕಲ್?'

ಫೋಟೊ 20 ಮೀರಬಾರದು. ನಮ್ಮ ಕಡೆ ಮದುವೆಯಲ್ಲಿ ಊಟದ ಎಲೆ ಮುಂದೆ ಕೂತವರದ್ದೇ 200 ಇರುತ್ತವೆ. ಇವರ ಕಷ್ಟ ಬೇರೆ. ಯಾರಾದರೂ ಅತ್ತೆಯ ಕಣ್ಣಿಗೆ ಬೀಳುತ್ತೆ ಅಂತ ಜೊತೆಗೆ ನಿಂತು ಫೋಟೊನೇ ತೆಗೆಸಿಕೊಂಡಿರಲಿಲ್ಲ. ನಯಾಗರಾದಲ್ಲಿ ಅವನದೊಂದು, ಅವಳದೊಂದು. ಹಿಂದಿನ ನೀರು ಒಂದೇ.

ಅರ್ಜಿ ಹಾಕಿಯಾಯಿತು. ಈಗ ಕಾಯುವುದು. ಶಬರಿಗೆ ಪೋರ್ಟಲ್ ಇರಲಿಲ್ಲ, ಅದಕ್ಕೇ ನೆಮ್ಮದಿಯಾಗಿ ಕಾದಳು. ಇವನು ರಾತ್ರಿ ಎರಡು ಗಂಟೆಗೆ ಎದ್ದು ಲಾಗಿನ್ ಆಗುತ್ತಾನೆ. ಪರಿಶೀಲನೆಯಲ್ಲಿದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಮತ್ತೆ ನೋಡುತ್ತಾನೆ. ಪರಿಶೀಲನೆಯಲ್ಲಿದೆ. ತಡೆಯಲಾರದೆ 5 ಡಾಲರ್ ಕಟ್ಟಿಸಿ ತನ್ನದೇ ಕಡತದ ಪ್ರತಿಗೆ ಅರ್ಜಿ ಹಾಕಿಸಿದ. ಅರ್ಜಿ ಏನಾಯಿತು ಅಂತ ತಿಳಿಯೋಕೆ ಇನ್ನೊಂದು ಅರ್ಜಿ. ಪುಟಗಟ್ಟಲೆ ಬಂತು. ಅವನಿಗೆ ಅರ್ಥವಾದದ್ದು 'ಶುರುವಾಗಿಲ್ಲ' ಅನ್ನುವುದೊಂದೇ.

ಈ ನಡುವೆ ಅರ್ಜಿಗೆ ಮಾಡಿಸಿದ್ದ ಮೆಡಿಕಲ್ ಪರೀಕ್ಷೆ ಹಳಸಿತು. ಅದರ ಆಯಸ್ಸು 12 ತಿಂಗಳು. ಹುಡುಗ ಚೆನ್ನಾಗೇ ಇದ್ದಾನೆ, ಕಾಗದಕ್ಕೆ ಮಾತ್ರ ವಯಸ್ಸಾಯಿತು. ಮತ್ತೆ ರಕ್ತ, ಮತ್ತೆ ಎಕ್ಸ್‌ರೇ, ಮತ್ತೆ ದುಡ್ಡು. ಜೊತೆಗೆ, ಈಗಲೂ ಒಟ್ಟಿಗಿದ್ದೀರಾ ಅಂತ ಹೊಸ ದಾಖಲೆ ಕೇಳಿದರು. ಈಗ ಮನೆಯಲ್ಲಿ ಹಾಲಿನ ರಸೀದಿಯನ್ನೂ ಎಸೆಯುವುದಿಲ್ಲ.

ಮೊನ್ನೆ ಭಾನುವಾರ ನಾನು ಕೆಳಗಿದ್ದಾಗಲೇ ದಾವಣಗೆರೆಯಿಂದ ಕಾಲ್ ಬಂತು. ಚಪ್ಪಲಿ ಫರ್ನೆಸ್ ಹಿಂದೆ, ಹುಡುಗಿ ವಾಷಿಂಗ್ ಮೆಷಿನ್ ಪಕ್ಕ. ಅಮ್ಮ ಒಂದು ನಿಮಿಷ ಮಾತಾಡಿದರು. ಆಮೇಲೆ ಹೇಳಿದರು: 'ಗೋಡೆ ಮೇಲೆ ಎರಡು ಕೊಡೆ ನೇತಾಡಾಕತ್ತಾವಲ್ಲೋ. ಒಂದಕ್ಕೆ ಹೂವಿನ ಚಿತ್ರ. ಆ ಹುಡುಗಿನ್ನ ಹೊರಗ ಕರಿ, ಎಷ್ಟೊತ್ತು ನಿಲ್ಲಿಸ್ತೀ.'

ಅರ್ಜಿಯಿಲ್ಲ, ಶುಲ್ಕವಿಲ್ಲ. ತೀರ್ಪು ಬಂದೇ ಬಿಟ್ಟಿತು.

ಹುಡುಗಿ ಹೊರಗೆ ಬಂದಳು. ಮುಖ ಕೆಂಪು. ಕೈ ಮುಗಿದಳು. ಎರಡು ಕ್ಷಣ ಸುಮ್ಮನಿದ್ದು ಕೇಳಿದಳು:

'ಅಮ್ಮಾ, ನೀವು ಈಗ ಹೇಳಿದ್ದನ್ನೇ ಒಂದು ಪತ್ರದಲ್ಲಿ ಬರೆದು ಸಹಿ ಹಾಕಿ ಕಳಿಸ್ತೀರಾ? ಅನುವಾದ ನಾವು ಮಾಡಿಸ್ಕೋತೀವಿ.'