ಅಕ್ಕಾ, ಇದು ಯಾವ ಫೇಮಸ್ ರೂಟು?

ರಾತ್ರಿ ನಿದ್ದೆ ಬರಲಿಲ್ಲ. ಕಾಲುನೋವಿಗಲ್ಲ, ಸಿಟ್ಟಿಗೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಚಿಕ್ಕಪ್ಪನ ಮಗ ಬೆಂಗಳೂರಿಂದ ಫ್ರಾನ್ಸಿನ ನಮ್ಮ ಮನೆಗೆ ಬಂದಿದ್ದಾನೆ. ಹೆಸರು ಹಾಕಲ್ಲ, ಅವನೂ ಇಲ್ಲೇ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ. ಸೈಕಲ್ಲನ್ನು ಬಾಣಂತಿ ಮಗುವಿನ ಹಾಗೆ ಸುತ್ತಿ, ಡಬ್ಬದಲ್ಲಿ ಮಲಗಿಸಿ, ವಿಮಾನದಲ್ಲಿ ತಂದಿದ್ದಾನೆ. ಅದರ ಬೆಲೆ ಕೇಳಿ ನಮ್ಮ ಮನೆಯವರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. ಬಂದಿರುವುದು ಆಲ್ಪ್ ದ್ಯೂಯೆಜ್ ಹತ್ತೋದಕ್ಕೆ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನವರು ಹತ್ತುವ ಬೆಟ್ಟ, 21 ತಿರುವು, 13.8 ಕಿ.ಮೀ. ಹತ್ತಲಿ, ಬೇಡ ಅಂದವರು ಯಾರು? ಹೊರಡೋದಕ್ಕೆ ಒಂದು ದಿನ ಉಳಿದಿತ್ತು. ಸುಮ್ನೆ ಮನೆಯಲ್ಲಿ ಕೂರೋದು ಬೇಡ, ನನ್ನ ರಸ್ತೆ ತೋರಿಸ್ತೀನಿ ಬಾ ಅಂದೆ. ತಪ್ಪಾಯ್ತು.

ನನ್ನ ರಸ್ತೆ ಅಂದರೆ ನಿಮಗೆಲ್ಲ ಗೊತ್ತು, ಫೋಟೋ ಹಾಕಿ ಹಾಕಿ ತಲೆ ತಿಂದಿದ್ದೇನೆ. ತುಲೂಸಿನಿಂದ ರೈಲಿನಲ್ಲಿ ಲಿಲ್ ಜೂರ್ದಾಂ ಊರಿಗೆ. ಅಲ್ಲಿಂದ ಹೆದ್ದಾರಿ ಬಿಟ್ಟು, ಸಣ್ಣ ರಸ್ತೆಗಳಲ್ಲೇ ಓಶ್ ಪಟ್ಟಣಕ್ಕೆ. 50 ಚಿಲ್ಲರೆ ಕಿ.ಮೀ. ಬರುವಾಗ ಮತ್ತೆ ರೈಲು. ಜುಲೈ ತಿಂಗಳು, ಎರಡೂ ಕಡೆ ಸೂರ್ಯಕಾಂತಿ.

ಮೊದಲ ದಿಣ್ಣೆ ಹತ್ತಿ ಇಳಿದೆವು. ಎರಡನೇದು ಹತ್ತುವಾಗ ಹಿಂದಿನಿಂದ ಕೂಗಿದ, "ಅಕ್ಕಾ, ಇದು ಯಾವ ಫೇಮಸ್ ರೂಟು?"

ಯಾವುದೂ ಅಲ್ಲ ಕಣೋ ಅಂದೆ.

"ಮತ್ತೆ ಯಾಕೆ ಬಂದಿದೀವಿ?"

ನೋಡಿ, ಇದಕ್ಕೆ ನಾನು ಏನು ಹೇಳಬೇಕು?

ಈ ಜೆರ್ಸ್ ಜಿಲ್ಲೆಯ ನೆಲವೇ ಒಂದು ತಮಾಷೆ. ದಕ್ಷಿಣದಲ್ಲಿ ಪಿರನೀಸ್ ಬೆಟ್ಟದ ಬುಡದಲ್ಲಿ ಲಾನ್‌ಮೆಜಾಂ ಅಂತ ಒಂದು ಎತ್ತರದ ಬಯಲಿದೆ. ನದಿಗಳೆಲ್ಲ ಅಲ್ಲಿಂದಲೇ ಹೊರಟು, ಅಂಗೈ ಬಿಚ್ಚಿದಾಗ ಬೆರಳು ಹರಡುವ ಹಾಗೆ ಉತ್ತರಕ್ಕೆ ಹರಡುತ್ತವೆ. ನದಿಯ ಜೊತೆ ಹೋದರೆ ಸಮ ರಸ್ತೆ, ಮಾತಾಡಿಕೊಂಡು ಹೋಗಬಹುದು. ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಪ್ರತಿ ಬೆರಳನ್ನೂ ದಾಟಬೇಕು. ಸಾವ್ ನದಿ ದಾಟು, ದಿಣ್ಣೆ ಹತ್ತು, ಜಿಮೊನ್ ನದಿಗೆ ಇಳಿ, ಮತ್ತೆ ಹತ್ತು, ಅರ್ರಾಟ್ಸ್ ನದಿಗೆ ಇಳಿ, ಮತ್ತೆ ಹತ್ತು, ಕೊನೆಗೆ ಜೆರ್ಸ್. ಒಂದೊಂದು ಏರೂ ಚಿಕ್ಕದೇ. ಆದರೆ ನಾಲ್ಕನೇದರ ಹೊತ್ತಿಗೆ ತೊಡೆ ಲೆಕ್ಕ ಕೇಳುತ್ತದೆ. ಪ್ರತಿ ದಿಣ್ಣೆಯ ತಲೆಯ ಮೇಲೂ ಒಂದು ಊರು, ಒಂದು ಚರ್ಚಿನ ಗೋಪುರ. ಗಾಳಿ ಶುಭ್ರವಾಗಿದ್ದರೆ ದೂರದಲ್ಲಿ ಪಿರನೀಸ್ ಪೂರ್ತಿ ಸಾಲಾಗಿ ನಿಂತಿರುತ್ತದೆ. ತೀರಾ ಹತ್ತಿರ ಕಂಡರೆ ಮಳೆ ಬರುತ್ತೆ ಅಂತ ಇಲ್ಲಿನವರ ಮಾತು. ನಿನ್ನೆ ಕಂಡಿತ್ತು. "ನೋಡೋ ಅಲ್ಲಿ" ಅಂದೆ. ಅವನು ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರ್ ನೋಡಿ, "ಏರು ಏಳು ಪರ್ಸೆಂಟ್ ಅಕ್ಕಾ" ಅಂದ.

ಅವನೊಬ್ಬನ ಕಥೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಪ್ರತಿ ಬೇಸಿಗೆಯಲ್ಲೂ ಊರಿಂದ ಯಾರೋ ಒಬ್ಬರು ಸೈಕಲ್ ಹಿಡಿದು ಬರುತ್ತಾರೆ. ಎಲ್ಲರ ಪಟ್ಟಿಯೂ ಒಂದೇ. ವೆಂತೂ, ತೂರ್‌ಮಲೆ, ಆಲ್ಪ್ ದ್ಯೂಯೆಜ್, ಎಲ್ಲ ಟೂರಿನ ಬೆಟ್ಟಗಳೇ. ಟಿವಿಯಲ್ಲಿ ಬಂದದ್ದು ಮಾತ್ರ ಫ್ರಾನ್ಸ್. ಈ ದೇಶದಲ್ಲಿ 'ಡಿ' ಅಕ್ಷರದ ಜಿಲ್ಲಾ ರಸ್ತೆಗಳೇ ಸುಮಾರು 3 ಲಕ್ಷ 80 ಸಾವಿರ ಕಿ.ಮೀ. ಇವೆ. ಹಳ್ಳಿ, ಪಟ್ಟಣ ಪಂಚಾಯಿತಿಗಳ ರಸ್ತೆ ಅದರ ಮೇಲೆ ಬೇರೆ. ಹತ್ತಿರ ಹತ್ತಿರ 35 ಸಾವಿರ ಪಂಚಾಯಿತಿ, ಎಷ್ಟೋ ಕಡೆ ನೂರಿನ್ನೂರು ಜನವೂ ಇಲ್ಲ, ಆದರೂ ಅಲ್ಲಿಗೊಂದು ಡಾಂಬರು ರಸ್ತೆ. ಅದರಲ್ಲಿ ಗಂಟೆಗೆ ನಾಲ್ಕು ಕಾರು, ಒಂದು ಟ್ರಾಕ್ಟರ್. ಊರ ಹೊರಗೆ ಸೈಕಲ್ಲನ್ನು ದಾಟುವಾಗ ಕಾರಿನವನು ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನಿದೆ, ಎಷ್ಟೋ ಜನ ಬಿಡುತ್ತಾರೆ ಕೂಡ! ಔಟರ್ ರಿಂಗ್ ರೋಡಿನಲ್ಲಿ ಜೀವ ಕೈಯಲ್ಲಿ ಹಿಡಿದು ಪೆಡಲ್ ತುಳಿದವನಿಗೆ ಇದು ಸ್ವರ್ಗ ಅನ್ನಿಸಬೇಕು, ಅಲ್ವಾ? ಊಹೂಂ. ಇಷ್ಟೆಲ್ಲ ಬಿಟ್ಟು ಇವರಿಗೆ ಬೇಕಾಗಿರುವುದು ಆ 13.8 ಕಿ.ಮೀ.

ನಾನು ಈಗಲೂ ಕಾಗದದ ಮಿಶೆಲಿನ್ ಮ್ಯಾಪ್ ಮಡಚಿ ಜೇಬಿಗಿಟ್ಟುಕೊಳ್ಳುತ್ತೇನೆ. ನಗಬೇಡಿ. ಕೆಂಪು ಗೆರೆ ಕಂಡರೆ ದೂರ ಇರು, ಹಳದಿ ಪರವಾಗಿಲ್ಲ, ಬಿಳಿ ಗೆರೆ ನಮ್ಮದು. ಪಕ್ಕದಲ್ಲಿ ಹಸಿರು ಬಳಿದಿದ್ದರೆ ನೋಟ ಚೆನ್ನಾಗಿದೆ ಅಂತ. ಗೆರೆಯ ಮೇಲೆ ಬಾಣದ ತುದಿಯಂಥ ಗುರುತು ಒಂದಿದ್ದರೆ ಏರು, ಎರಡಿದ್ದರೆ ಜೋರು ಏರು, ಮೂರಿದ್ದರೆ ದೇವರೇ ಕಾಪಾಡಬೇಕು. ತಮ್ಮ ಅದನ್ನು ನೋಡಿ "ಮ್ಯೂಸಿಯಮ್ಮಿಗೆ ಕೊಡು" ಅಂದ.

ಅವನ ನೀರು ಖಾಲಿಯಾದಾಗ ಮಾತ್ರ ನನ್ನ ಬೆಲೆ ಗೊತ್ತಾಯ್ತು. ಮಧ್ಯಾಹ್ನ 12ರಿಂದ 2ರ ತನಕ ಹಳ್ಳಿಗಳಲ್ಲಿ ಬಾಗಿಲು ತೆಗೆದ ಅಂಗಡಿ ಸಿಕ್ಕರೆ ಪುಣ್ಯ. ನಾನು ಸೀದಾ ಊರಾಚೆಯ ಸ್ಮಶಾನಕ್ಕೆ ಸೈಕಲ್ ತಿರುಗಿಸಿದೆ. ಗೋರಿಯ ಹೂಗಿಡಗಳಿಗೆ ಅಂತ ಅಲ್ಲಿ ನಲ್ಲಿ ಇರುತ್ತದೆ. ಕುಡಿಯುವ ನೀರಲ್ಲ ಅಂತ ಬೋರ್ಡು ಇದೆಯಾ ನೋಡಿಕೊಳ್ಳಬೇಕು ಅಷ್ಟೆ. ಇಲ್ಲಿನ ಸೈಕಲ್ಲಿನವರಿಗೆಲ್ಲ ಇದು ಗೊತ್ತು. ಇವನು ಗೇಟಿನ ಹೊರಗೇ ನಿಂತ. "ಸ್ಮಶಾನದ ನೀರಾ ಅಕ್ಕಾ?" ಹೌದು ಕಣೋ, ಕುಡಿ. ಎರಡು ಬಾಟಲಿ ಕುಡಿದ. ದೊಡ್ಡಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ. ಅಮ್ಮ ಫೇಸ್‌ಬುಕ್ಕಿನಲ್ಲಿಲ್ಲ, ಹಾಗಾಗಿ ಆಣೆ ಮುರಿದಿಲ್ಲ. ಆಮೇಲೆ ಅಲ್ಲೇ ಸೈಪ್ರೆಸ್ ಮರದ ನೆರಳಿನಲ್ಲಿ ಬ್ಯಾಗೆಟ್ ಸೀಳಿ, ಟೊಮೆಟೊ ಇಟ್ಟು, ಚಿಕ್ಕಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದೆವು. ಬಾತುಕೋಳಿಯ ಈ ಸೀಮೆಯಲ್ಲಿ ಸಸ್ಯಾಹಾರಿಯ ಬುತ್ತಿ ಇಷ್ಟೇ.

"ಹತ್ತು ದಿನದ ರಜೆ, ವೀಸಾ, ಟಿಕೆಟ್, ಸೈಕಲ್ ತರೋ ಖರ್ಚು. ಇಷ್ಟೆಲ್ಲ ಮಾಡಿ ಹೆಸರಿಲ್ಲದ ದಿಣ್ಣೆ ಹತ್ತಕ್ಕೆ ಆಗುತ್ತಾ?" ಅಂತ ಕೇಳಿದ. ಮಾತು ಸರಿಯೇ. ಇಲ್ಲೇ ಇರುವವಳು ಸುಲಭವಾಗಿ ಮಾತಾಡಬಹುದು. ಆದರೆ ಬೆಂಗಳೂರಿನಲ್ಲೂ ಇವನು ಮಾಡೋದು ಇದನ್ನೇ! ನಸುಕಿನಲ್ಲಿ ಎದ್ದು ನಂದಿ ಬೆಟ್ಟ ಹತ್ತುತ್ತಾನೆ, ಎಷ್ಟು ನಿಮಿಷ ಅಂತ ಆ್ಯಪ್‌ನಲ್ಲಿ ಹಾಕುತ್ತಾನೆ. ಬೆಟ್ಟದ ಬುಡದ ದ್ರಾಕ್ಷಿ ತೋಟದ ರಸ್ತೆಗಳಲ್ಲಿ ಒಂದು ದಿನವಾದರೂ ಸುತ್ತಿದ್ದೀಯಾ ಅಂದರೆ, "ಅಲ್ಲಿ ಏನಿದೆ ಅಕ್ಕಾ?" ರಜೆ ಕಡಿಮೆ ಅನ್ನೋದೆಲ್ಲ ನೆಪ.

ನೂರು ವರ್ಷದ ಹಿಂದೆ ಸಾಂತ್ ಎತಿಯೆನ್ ಊರಿನಲ್ಲಿ ಪಾಲ್ ದ ವಿವಿ ಅಂತ ಒಬ್ಬ ಮುದುಕ ಇದ್ದ. ವೆಲೋಸಿಯೋ ಅಂದರೇ ಜನಕ್ಕೆ ಗೊತ್ತಾಗುತ್ತಿದ್ದದ್ದು. 1930ರಲ್ಲಿ ತೀರಿಕೊಂಡ. ಸೈಕಲ್ ಪ್ರವಾಸಕ್ಕೆ ಏಳು ಕಟ್ಟಳೆ ಹಾಕಿಕೊಟ್ಟಿದ್ದ. ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ, ಹೀಗೆ. ಕೊನೆಯದು, ಜಂಬಕ್ಕಾಗಿ ಪೆಡಲ್ ತುಳಿಯಬೇಡ. ಇದನ್ನು ಓಶ್‌ನಲ್ಲಿ, 'ತ್ರೀ ಮಸ್ಕೆಟಿಯರ್ಸ್' ಕಥೆಯ ಡಾರ್ಟಾನ್ಯಾನ್ ಪ್ರತಿಮೆ ಇರುವ ದೊಡ್ಡ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಹೇಳಿದೆ. "ಅವನ ಕಾಲದಲ್ಲಿ ಆ್ಯಪ್ ಇರಲಿಲ್ಲ" ಅಂದ.

ಈಗ ನಿಜ ಹೇಳಿಬಿಡುತ್ತೇನೆ, ರಾತ್ರಿ ನಿದ್ದೆ ಕೆಡಿಸಿದ್ದು ಇದೇ. ಇಲ್ಲಿಗೆ ಬಂದ ಮೊದಲ ವರ್ಷ ತೂರ್‌ಮಲೆ ತುದಿಯಲ್ಲಿ, ಆ ಬೆಳ್ಳಿ ಬಣ್ಣದ ಸೈಕಲ್ಲಿಗನ ಪ್ರತಿಮೆ ಪಕ್ಕ ನಿಂತು ಫೋಟೋ ಹಾಕಿದ್ದೆನಲ್ಲ? 2115 ಮೀಟರ್, ಭಲೇ ಅಂದಿರಿ ಎಲ್ಲರೂ. ಕೊನೆಯ ಮೂರು ಕಿ.ಮೀ. ಸೈಕಲ್ ತಳ್ಳಿಕೊಂಡು ನಡೆದಿದ್ದೆ. ಅತ್ತಿದ್ದೆ ಕೂಡ. 1913ರ ಟೂರಿನಲ್ಲಿ ಅದೇ ಬೆಟ್ಟದಲ್ಲಿ ಎಜೆನ್ ಕ್ರಿಸ್ತೋಫ್ ಅನ್ನುವವನ ಸೈಕಲ್ಲಿನ ಫೋರ್ಕ್, ಮುಂದಿನ ಚಕ್ರ ಹಿಡಿಯುವ ಕವಲು, ಮುರಿಯಿತು. ಸೈಕಲ್ ಹೊತ್ತು ಸಾಂತ್ ಮರಿ ದ ಕಾಂಪಾಂ ತನಕ ನಡೆದು ಇಳಿದ, ಕುಲುಮೆಯಲ್ಲಿ ತಾನೇ ಬೆಸೆದ. ತಿದಿ ಒತ್ತಲು ಒಬ್ಬ ಹುಡುಗ ಕೈಜೋಡಿಸಿದ ಅಂತ ಕ್ರಿಸ್ತೋಫನಿಗೆ ದಂಡದ ಸಮಯ ಹಾಕಿದರು. ನಾನು ನಡೆದು ಹತ್ತಿದ್ದಕ್ಕೆ ಲೈಕ್ ಬಂದವು.

ಹಾಗಾಗಿ ತಮ್ಮನನ್ನು ಬೈಯುವ ಯೋಗ್ಯತೆ ನನಗಿಲ್ಲ ಅಂತೀರಾ? ಇದೆ. ತಪ್ಪು ಮಾಡಿ ತಿದ್ದಿಕೊಂಡವಳು ನಾನು. ಅವನು ಇನ್ನೂ ತಿರುವು ಎಣಿಸುತ್ತಿದ್ದಾನೆ.

ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ತುಳಿಯೋಕೆ ಬರುವ ನಮ್ಮವರಿಗೆ ಮಾತ್ರ ಕೈಮುಗಿಯುತ್ತೇನೆ. ನಾಲ್ಕು ವರ್ಷಕ್ಕೊಮ್ಮೆ, 1200 ಕಿ.ಮೀ., 90 ಗಂಟೆ. ದಾರಿಯಲ್ಲಿ ದೊಡ್ಡ ಬೆಟ್ಟ ಇಲ್ಲ, ಹಳ್ಳಿಯ ಮೇಲೆ ಹಳ್ಳಿ. ನಡುರಾತ್ರಿ ಹಳ್ಳಿಯವರು ಮನೆ ಮುಂದೆ ಮೇಜು ಹಾಕಿ ಕಾಫಿ ಕೊಡುತ್ತಾರೆ. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ, ಬೆಟ್ಟ ಗಿಟ್ಟ ಬಿಟ್ಟು ಮೊದಲು ಆ ಕಾಫಿಯ ಕಥೆ ಹೇಳುತ್ತಾರೆ.

ಇಂದು ಬೆಳಿಗ್ಗೆ ತಮ್ಮ ಡಬ್ಬ ಹೊತ್ತು ಆಲ್ಪ್ಸ್ ಕಡೆ ಹೊರಟ. ನಿನ್ನೆಯ ದಾರಿಯನ್ನು ಆ್ಯಪ್‌ನಲ್ಲಿ 'ರಿಕವರಿ ರೈಡ್', ಅಂದರೆ ದಣಿವಾರಿಸಿಕೊಳ್ಳುವ ಸವಾರಿ, ಅಂತ ಹಾಕಿದ್ದಾನೆ. ನಾಲ್ಕನೇ ದಿಣ್ಣೆಯಲ್ಲಿ ನನ್ನ ಹಿಂದೆ ಉಳಿದಿದ್ದು ಅದರಲ್ಲಿ ಕಾಣುವುದಿಲ್ಲವಂತೆ. ಚಟ್ನಿಪುಡಿ ಡಬ್ಬಿಯೂ ಮನೆಯಲ್ಲಿ ಕಾಣುತ್ತಿಲ್ಲ.

ಆಗಸ್ಟಿನಲ್ಲಿ ಬರುವವರು ಮೊದಲೇ ಮೆಸೇಜ್ ಹಾಕಿ, ಕರೆದುಕೊಂಡು ಹೋಗುತ್ತೇನೆ. ಆ ಪುಟ್ಟ ಕಂಪ್ಯೂಟರ್ ನನ್ನ ಜೇಬಿನಲ್ಲಿರಬೇಕು. ಸೋಮವಾರ ಬೇಡ, ಅರ್ಧಕ್ಕರ್ಧ ಬೇಕರಿ ಮುಚ್ಚಿರುತ್ತವೆ.