ಸತ್ಯಾಂಶ: ಕಂಪನಿ ನೋಂದಣಿಯಾದರೆ ಬ್ರ್ಯಾಂಡ್ ಹೆಸರೂ ನಮ್ಮದೇ?

‘ಕಂಪನಿ ನೋಂದಣಿಯಾದರೆ ಹೆಸರು ನಿಮ್ಮದೇ, ಟ್ರೇಡ್‌ಮಾರ್ಕ್‌ಗೆ ದುಡ್ಡು ಸುರಿಯಬೇಡಿ’ ಎಂಬ ಸಂದೇಶವೊಂದು ನವೋದ್ಯಮಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕಂಪನಿಗಳ ರಿಜಿಸ್ಟ್ರಾರ್ ನೀಡುವ ಪ್ರಮಾಣಪತ್ರವು ಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ಹುಟ್ಟಿದ್ದಕ್ಕೆ ಪುರಾವೆಯೇ ಹೊರತು ಪೊಟ್ಟಣದ ಮೇಲಿನ ಹೆಸರಿನ ಒಡೆತನಕ್ಕಲ್ಲ. ಆ ಹಕ್ಕು 1999ರ ಟ್ರೇಡ್‌ಮಾರ್ಕ್ ಕಾಯ್ದೆಗೆ ಸೇರಿದ್ದು. ಅಷ್ಟೇ ಅಲ್ಲ, ನಿಮ್ಮ ಕಂಪನಿಯ ಹೆಸರು ಬೇರೆಯವರ ನೋಂದಾಯಿತ ಟ್ರೇಡ್‌ಮಾರ್ಕನ್ನು ತೀರಾ ಹೋಲುತ್ತಿದ್ದರೆ, ಆ ಟ್ರೇಡ್‌ಮಾರ್ಕ್‌ನ ಮಾಲೀಕರು ನಿಮ್ಮ ಕಂಪನಿಯ ಹೆಸರು ನೋಂದಣಿಯಾದ 3 ವರ್ಷಗಳೊಳಗೆ ಅರ್ಜಿ ಸಲ್ಲಿಸಿ, 2013ರ ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಅಡಿಯಲ್ಲಿ ಹೆಸರು ಬದಲಿಸುವ ನಿರ್ದೇಶನವನ್ನೇ ತರಬಹುದು.

ಟ್ರೇಡ್‌ಮಾರ್ಕ್‌ನಲ್ಲಿ ಸರಕು, ಸೇವೆಗಳಿಗೆ 45 ವರ್ಗಗಳಿವೆ. ಚಟ್ನಿಪುಡಿ 30ನೆಯದಕ್ಕೆ ಸೇರಿದರೆ, ಅದನ್ನು ಬಡಿಸುವ ಹೋಟೆಲು 43ನೆಯದಕ್ಕೆ. ಮಾನ್ಯತೆ ಪಡೆದ ನವೋದ್ಯಮಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ (ಲೋಗೊ ಬರೆಸಲು ಹಲವರು ಇದಕ್ಕಿಂತ ಹೆಚ್ಚು ಕೊಟ್ಟಿರುತ್ತಾರೆ). ಟ್ರೇಡ್‌ಮಾರ್ಕ್ ನೋಂದಣಿಯಾಗುವ ಮುನ್ನ ಹೆಸರಿನ ಪಕ್ಕ ‘ಟಿಎಂ’ ಎಂದು ಬಳಸಬಹುದು; ನೋಂದಾಯಿತ ಎಂದು ಸೂಚಿಸುವ, ವೃತ್ತದೊಳಗಿನ ‘ಆರ್’ ಮುದ್ರಿಸುವುದು ಅಪರಾಧ.

ಸ್ಥಾಪಕರು ಸಾಮಾನ್ಯವಾಗಿ ಕಡೆಗಣಿಸುವುದು ಅರ್ಜಿದಾರರ ಹೆಸರನ್ನು. ಸಹಸ್ಥಾಪಕರೊಬ್ಬರು ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ, ಅವರು ಕಂಪನಿ ಬಿಟ್ಟ ದಿನವೂ ದಾಖಲೆಯಲ್ಲಿ ಬ್ರ್ಯಾಂಡ್ ಅವರದೇ ಆಗಿರುತ್ತದೆ. ಅದನ್ನು ಕಂಪನಿಗೆ ತರಲು ಲಿಖಿತ ಹಸ್ತಾಂತರ ಪತ್ರ ಬೇಕಾಗುತ್ತದೆ.